ಬಿಂದುವಿನ ಬಲಗಡೆ

ಎಡಗಡೆಯ ಎರಡನ್ನು ಯಾರೂ ಕೇಳುವುದಿಲ್ಲ,
ಅದು ಎಲ್ಲರಿಗೂ ಇರುತ್ತದೆ, ಮೂಗಿನ ಹಾಗೆ.
ಬಿಂದುವಿನ ಬಲಗಡೆ ಏನಿದೆ ಅಂತಲೇ
ಸೊರೊರಿಟಿ ಮನೆಗಳ ಬಾಗಿಲಲ್ಲಿ ನಿಂತವರ ಕಣ್ಣು.
ಒಂದು ವರ್ಷ ಓದಿದ್ದಕ್ಕೆ ಕಾಲೇಜು ನನಗೆ ಕೊಟ್ಟದ್ದು
ಮೂವತ್ತೊಂದು.
ಬೇಕಾದ್ದು ಐವತ್ತು.

ಮಿಸಿಸಿಪ್ಪಿಯ ಆಗಸ್ಟ್. ಡಾಂಬರು ಚಪ್ಪಲಿಗೆ ಅಂಟುತ್ತಿತ್ತು.
ಸಾಲು ಮನೆ, ಬಿಳಿ ಕಂಬ, ನೆತ್ತಿಯ ಮೇಲೆ
ನನಗೆ ಓದಲು ಬಾರದ ಗ್ರೀಕ್ ಅಕ್ಷರ.
ಟಿನ್ಸ್‌ಲಿಯಿಂದ ಕಡ ತಂದ ಹಳದಿ ಫ್ರಾಕು,
ಕಂಕುಳಲ್ಲಿ ಪಿನ್ನು,
ಕೈಯಲ್ಲಿ ಬ್ಯಾಟರಿಯ ಪುಟ್ಟ ಫ್ಯಾನು,
ಸೆಖೆಯನ್ನೇ ಬಾಚಿ ಬಾಚಿ ಮುಖಕ್ಕೆ ಎರಚುವುದು.
ಬಾಗಿಲು ತೆರೆದರೆ ಒಳಗಿನ ಅಷ್ಟೂ ಹುಡುಗಿಯರು
ಒಂದೇ ಬಾಯಲ್ಲಿ ಹಾಡಿ, ಚಪ್ಪಾಳೆ ತಟ್ಟಿ,
ಕೈ ಹಿಡಿದು ಒಳಗೆ ಕರೆದೊಯ್ಯುವರು.
ನೀರು ಕೊಡುವರು, ನಿಂಬೆಯ ಬಿಲ್ಲೆ ತೇಲಿಸಿ.
ಯಾವ ಊರು? ಯಾವ ಸಬ್ಜೆಕ್ಟು? ನಾಯಿ ಸಾಕಿದ್ದೀಯಾ?
ನಾಯಿಯ ವಿಷಯ ನಾನು ಚೆನ್ನಾಗಿ ಮಾತಾಡಿದೆ.

ಮೊದಲ ಬೆಳಗ್ಗೆ ಚೀಟಿಯಲ್ಲಿ ಹನ್ನೊಂದು ಮನೆ.
ಮಾರನೆಯ ಬೆಳಗ್ಗೆ ನಾಲ್ಕು.
ಅದರ ಮಾರನೆಗೆ ಒಂದು.
ಕಳೆಯುವ ಲೆಕ್ಕವನ್ನು ಇಷ್ಟು ಸಲೀಸಾಗಿ
ಶಾಲೆಯಲ್ಲೂ ಯಾರೂ ಕಲಿಸಿರಲಿಲ್ಲ.

ಅಮ್ಮನ ಫೋನು, ಲಾರಿಯ ಸೀಟಿನಿಂದ,
ಅರ್ಕಾನ್ಸಾದ ಯಾವುದೋ ಡೀಸೆಲ್ ಬಂಕಿನ ಗದ್ದಲದಲ್ಲಿ:
"ಅಲ್ಲೇ, ದುಡ್ಡು ಕೊಟ್ಟು ಗೆಳತಿಯರನ್ನು ಕೊಳ್ಳುತ್ತಾರಂತಲ್ಲ?"
ಕೊಳ್ಳುವುದಲ್ಲಮ್ಮ.
ಅಲ್ಲೊಂದು ಉದ್ದನೆಯ ಊಟದ ಮೇಜಿದೆ.
ಯಾರೋ ತಡವಾಗಿ ಬಂದರು, ತಟ್ಟೆ ಹಿಡಿದು;
ಮೇಜಿಗೆ ಮೇಜೇ ಸರಿದು ಜಾಗ ಬಿಟ್ಟಿತು.
ಇದನ್ನು ಹೇಳಲಿಲ್ಲ.
ನಮ್ಮ ಮನೆಯ ಮೇಜಿಗೆ ಎರಡೇ ಕುರ್ಚಿ,
ಒಂದರ ಮೇಲೆ ಸದಾ ಒಗೆದ ಬಟ್ಟೆ.

ಉಳಿದ ಆ ಒಂದು ಮನೆಯಲ್ಲಿ ಅಡಿಲೇಡ್ ಪ್ರೂಯಿಟ್
ಮೆಟ್ಟಿಲ ಕೆಳಗೆ ಕೂರಿಸಿ ದನಿ ತಗ್ಗಿಸಿದಳು:
"ಕೆಮಿಸ್ಟ್ರಿಯಲ್ಲಿ ಏನಾಯ್ತೇ, ರೇಲಿನ್?"
ನಿದ್ದೆ, ಅಂದೆ.
ಮೂರಕ್ಕೆ ಡೋನಟ್ ಅಂಗಡಿಯ ಬೀಗ ತೆಗೆಯುತ್ತೇನೆ,
ಎಂಟಕ್ಕೆ ಕ್ಲಾಸು,
ಎಂಟೂಕಾಲಿಗೆ ನನ್ನ ಹಣೆ ಡೆಸ್ಕಿನ ಮೇಲೆ.
ಅವಳು ನಗಲಿಲ್ಲ. ನನ್ನ ಕೂದಲಿನಿಂದ
ಒಂದು ಹರಳು ಸಕ್ಕರೆ ತೆಗೆದು
ಎಲ್ಲಿಡುವುದೆಂದು ತಿಳಿಯದೆ ಹಿಡಿದೇ ಇದ್ದಳು.
"ನಾನೂ ಅದರಲ್ಲಿ ಎರಡು ಸಲ ಡುಮ್ಕಿ.
ಪಿಯಾನೋ ಕ್ಲಾಸಿನ ಮಾರ್ಕು ನನ್ನನ್ನು ದಡ ಮುಟ್ಟಿಸಿತು.
ಯಾರಿಗೂ ಹೇಳಬೇಡ."

ಕೊನೆಯ ದಿನ ಮೈದಾನದಲ್ಲಿ ಲಕೋಟೆ ಒಡೆದು
ಕಿರುಚಿ ತಂತಮ್ಮ ಮನೆಯ ಕಡೆ ಓಡಿದರು.
ನನ್ನ ಕೈಯಲ್ಲಿ ಫ್ಯಾನು ಮಾತ್ರ.
ಓಡುವವರ ನಡುವೆ ನಡೆಯುವುದು ಕಷ್ಟ.
ಎಲ್ಲ ತೋಳುಗಳೂ ನಿನ್ನ ಕಡೆಗೇ ಚಾಚಿದ ಹಾಗಿರುತ್ತವೆ,
ಹತ್ತಿರ ಬಂದಮೇಲೆ ಬೆನ್ನ ಹಿಂದಿನವಳಿಗೆ.

ಮರುದಿನ ನಸುಕು. ಬಾಗಿಲ ಗಂಟೆ.
ಹೊಸ ಅಂಗಿಯ ಆರು ಜನ, ಕೆನ್ನೆಯ ಮೇಲೆ ನಿನ್ನೆಯ ಮಿನುಗು,
ಎಂಟು ಡಜನ್ ಬೇಕಂತೆ.
ಎಂಟು ಡಜನ್ ಅಂದರೆ ನಮ್ಮಲ್ಲಿ ನೂರಾ ನಾಲ್ಕು,
ಡಜನ್ನಿಗೊಂದು ಕೊಸರು.
ಪೆನ್ನು ಮುಟ್ಟದೆ ಬೆಲೆ ಹೇಳಿದೆ, ತೆರಿಗೆ ಸೇರಿಸಿ,
ಬಿಂದುವಿನ ಬಲಗಡೆಯೂ ಸರಿಯಾಗಿ.

ಅಡಿಲೇಡ್ ಹಿಂದೆ ಉಳಿದಳು.
"ಜನವರಿಯಲ್ಲಿ ಮತ್ತೆ ಬಾ. ಬರೀ ಹತ್ತೊಂಬತ್ತು ಕಡಿಮೆ ಕಣೇ."
ಕಾಫಿ ಬೇಕಾ, ಅಂದೆ.
ನಾಲ್ಕು ಡಾಲರು ಡಬ್ಬಿಗೆ ಹಾಕಿ ಹೋದಳು.
ಸಿಟ್ಟು ಬಂತು. ಎತ್ತಿಕೊಂಡೆ.

ಒಳಗೆ, ಬಟ್ಟೆ ಹೊದ್ದ ಬೋಗುಣಿಯಲ್ಲಿ
ಎರಡನೆಯ ಸರದಿಯ ಹಿಟ್ಟು ಹುದುಗು ಬರುತ್ತಿತ್ತು.
ಬೆರಳು ಒತ್ತಿದರೆ ಸಾಕು, ನನಗೆ ಗೊತ್ತು: ಇನ್ನು ಇಪ್ಪತ್ತು ನಿಮಿಷ.
ಹಿಟ್ಟು ಏಕೆ ಉಬ್ಬುತ್ತದೆ, ಸಮೀಕರಣ ಬರೆಯಿರಿ.
ಆರನೆಯ ಪ್ರಶ್ನೆ.
ಖಾಲಿ ಬಿಟ್ಟು ಬಂದಿದ್ದೆ.

ಗಲ್ಲಾದ ಕೆಳಗಿನಿಂದ ಪುಸ್ತಕ ಎಳೆದೆ.
ಜಿಡ್ಡಿಗೆ ಎರಡು ಹಾಳೆ ಅಂಟಿಕೊಂಡಿವೆ,
ಉಗುರು ತೂರಿಸಿ ಬಿಡಿಸುತ್ತಿದ್ದೇನೆ, ಹರಿಯದಂತೆ.
ಗಂಟೆ ಬಡಿಯುತ್ತಿದೆ.
ಬಂದೆ, ಬಂದೆ.